ಕಿಟಕಿಗೊಂದು ರೆಪ್ಪೆ

ಮನೆಗೆ ಹೊಸದಾಗಿ ಬಣ್ಣ ಬಳಿಸುವಾಗ ಕಿಟಕಿಯ ಪರದೆಯನ್ನು ಗೋಡೆಯ ಬಣ್ಣಕ್ಕೆ ಹೊಂದಿಸಿ ಕೊಳ್ಳುವುದು ವಾಡಿಕೆ. ಬಣ್ಣಕ್ಕಿಂತ ಮೊದಲು ದಿಕ್ಕನ್ನು ನೋಡಬೇಕೆಂಬುದು ನನ್ನ ಬಿನ್ನಹ.

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದು ಹೆಸರು. ಗೋವಿನ ಕಣ್ಣು ಎಂದರ್ಥ. ಕಣ್ಣಿಗೆ ರೆಪ್ಪೆ ಇರುವುದು ಹೊರಗಡೆ. ಕಿಟಕಿಗೂ ಹಾಗೆಯೇ ಇರಲಿ. ಗಾಜನ್ನು ದಾಟಿ ಬಂದ ಬಿಸಿಲನ್ನು ಒಳಗಿನ ಪರದೆ ತಡೆದರೂ ಅದರ ಕಾವು ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿ ಬಿಸಿಲನ್ನು ಹೊರಗೇ ನಿಲ್ಲಿಸಿ ಗಾಳಿಗೆ ದಾರಿ ಕೊಡುತ್ತದೆ.

ನಮ್ಮ ಮಣ್ಣಗುಡ್ಡಕ್ಕೆ ಕಡಲು ಪಡುವಣದಲ್ಲಿ. ಏಪ್ರಿಲ್ ಕೊನೆಗೆ ನಡುಹಗಲ ಸೂರ್ಯ ನೆತ್ತಿಯ ಮೇಲಿರುವುದರಿಂದ ಮಾಡಿನ ಸೂರೇ ಕಿಟಕಿಗೆ ನೆರಳು. ಸಂಜೆಯ ಬಿಸಿಲಾದರೋ ಸೂರಿನಡಿ ನುಸುಳಿ ಬರುತ್ತದೆ. ಜೂನ್ ತಿಂಗಳಿನಿಂದ ಮಳೆಯೂ ಆ ಕಡೆಯಿಂದಲೇ ಎರಚುತ್ತದೆ. ಹಿರಿಯರು ಜಗಲಿಗೆ ಹೆಣೆದ ಮಡಲು ಕಟ್ಟುತ್ತಿದ್ದುದು ಇದಕ್ಕಾಗಿಯೇ. ಆದುದರಿಂದ ಹಣ ಸಾಲದಿದ್ದರೆ ಪಡುವಣದ ಕಿಟಕಿಗೆ ಮೊದಲು ತಟ್ಟಿ ಹಾಕಿಸಿರಿ. ಒಳಗೆ ಬೇಗ ಒಣಗುವ ತೆಳು ಹತ್ತಿಯ ಪರದೆ ಸಾಕು. ದಪ್ಪ ಬಟ್ಟೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

ಇನ್ನೊಂದು ಮಾತು. ತಟ್ಟಿಯನ್ನು ಏರಿಳಿಸುವ ಹಗ್ಗವನ್ನು ಕುಣಿಕೆಯಾಗಿ ತೂಗಬಿಡಬೇಡಿರಿ. ಮಗುವಿನ ಕೊರಳಿಗೆ ಅದು ಉರುಳಾದೀತು. ಎತ್ತರದ ಗೂಟಕ್ಕೆ ಸುತ್ತಿಡಿರಿ, ತೊಟ್ಟಿಲನ್ನು ಕಿಟಕಿಯಿಂದ ದೂರವಿಡಿರಿ.