ಇಬ್ಬರು ದೊರೆಗಳ ಪತನ



ದೊಡ್ಡವರು ಏಕೆ ಬೀಳುತ್ತಾರೆ ಎಂದರೆ ವಿಧಿಯೆಂದು ಹೇಳಿ ಮುಗಿಸುವುದು ವಾಡಿಕೆ. ಈ ದಿನ ನಾವು ಇಬ್ಬರು ದೊರೆಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಆ ಉತ್ತರವನ್ನು ಪರೀಕ್ಷಿಸೋಣ. ಒಬ್ಬ, ಕ್ರಿ.ಪೂ. 441ರ ಸುಮಾರಿಗೆ ಗ್ರೀಸಿನ ಸೋಫೋಕ್ಲಿಸ್ ಬರೆದ ‘ಆಂಟಿಗೊನೆ’ಯ ಕ್ರಿಯಾನ್. ಈ ಕವಿಯ ಇನ್ನೊಂದು ನಾಟಕವೇ ಬಿ. ಎಂ. ಶ್ರೀಯವರ ‘ಅಶ್ವತ್ಥಾಮನ್’ಗೆ ಆಧಾರ. ಇನ್ನೊಬ್ಬ, 1606ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಆಡಿದ ಷೇಕ್ಸ್‌ಪಿಯರನ ನಾಟಕದ ಲಿಯರ್.

ಥೀಬ್ಸ್ ನಗರದ ಮೇಲೆ ದಂಡೆತ್ತಿ ಬಂದು ಸತ್ತ ಪಾಲಿನೈಸಿಸನ ಹೆಣವನ್ನು ಯಾರೂ ಮಣ್ಣುಮಾಡಕೂಡದೆಂದು ಕ್ರಿಯಾನನ ಅಪ್ಪಣೆ. ಸೋದರಿ ಆಂಟಿಗೊನೆ ಅಪ್ಪಣೆ ಮೀರಿ ಮಣ್ಣು ಹಾಕಿದಳು. ಅವಳನ್ನು ಮದುವೆಯಾಗಲಿದ್ದವನು ಕ್ರಿಯಾನನ ಮಗನೇ, ಹೀಮನ್. ಊರಿನ ಜನ ಒಳಗೊಳಗೇ ಅವಳಿಗಾಗಿ ಮರುಗುತ್ತಿದ್ದಾರೆಂದು ಮಗ ಹೇಳಿದರೆ, ರಾಜ್ಯ ಆಳುವವನ ಸ್ವತ್ತಲ್ಲವೇ ಎಂದು ತಂದೆ ಕೇಳುತ್ತಾನೆ. ಕೊನೆಗೆ ಅವಳನ್ನು ಜೀವಸಹಿತ ಗುಹೆಯಲ್ಲಿ ಮುಚ್ಚಿಸುತ್ತಾನೆ.

ಲಿಯರ್ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಮಾಡಿಯೇ ತೋರಿಸುತ್ತಾನೆ. ನಕ್ಷೆ ತರಿಸಿ, ಹೊಗಳಿದ ಹೆಣ್ಣುಮಕ್ಕಳಿಗೆ ಹೊಲ ಪಾಲು ಮಾಡಿದಂತೆ ನಾಡನ್ನು ಹಂಚುತ್ತಾನೆ. ಹೊಗಳಲೊಲ್ಲದ ಕಾರ್ಡೀಲಿಯಳನ್ನೂ ಬುದ್ಧಿ ಹೇಳಿದ ಕೆಂಟನನ್ನೂ ಹೊರಗಟ್ಟುತ್ತಾನೆ. ಆ ನಾಡಿನಲ್ಲಿ ಬದುಕುವವರನ್ನು ಕೇಳಿದವರಿಲ್ಲ.

ಒಬ್ಬ ಹಿಡಿದದ್ದನ್ನು ಬಿಡದೆ ಕೆಟ್ಟ, ಇನ್ನೊಬ್ಬ ಕೊಟ್ಟು ಕೆಟ್ಟ. ಬೇರು ಮಾತ್ರ ಒಂದೇ: ರಾಜ್ಯ ನನ್ನದು ಎಂಬ ಭಾವನೆ.

ಆದರೆ ಭೇದವೂ ಉಂಟು. ಕುರುಡ ಕಣಿಗಾರ ಟೈರೀಸಿಯಸ್ ಹೆದರಿಸಿದ ಮೇಲೆ ಕ್ರಿಯಾನ್ ಮನಸ್ಸು ಬದಲಿಸಿದ. ಆಗಲೂ ಮೊದಲು ಹೆಣಕ್ಕೆ ಸಂಸ್ಕಾರ ಮಾಡಿ ಆಮೇಲೆ ಗುಹೆಗೆ ಹೋದ. ಅಷ್ಟರಲ್ಲಿ ಆಂಟಿಗೊನೆ ನೇಣು ಹಾಕಿಕೊಂಡಿದ್ದಳು. ಮಗನೂ ಹೆಂಡತಿಯೂ ಪ್ರಾಣ ಕಳೆದುಕೊಂಡರು. ಅವನು ಅತ್ತದ್ದು ಅವರಿಬ್ಬರಿಗಾಗಿ; ಆಂಟಿಗೊನೆಗಾಗಿ ಅಲ್ಲ. ಲಿಯರನಾದರೋ ಬಿರುಗಾಳಿ ಮಳೆಯಲ್ಲಿ, ಗುಡಿಸಲ ಮುಂದೆ ನಿಂತು, ಸೂರಿಲ್ಲದ ಬಡವರನ್ನು ನೆನೆಯುತ್ತಾನೆ. ಆಳುವಾಗ ಇವರ ಚಿಂತೆ ಮಾಡಲಿಲ್ಲವಲ್ಲಾ ಎಂದು ಮರುಗುತ್ತಾನೆ. ಆದುದರಿಂದಲೇ ಅವನ ಪತನ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರ.

ಹಾಗೆಂದು ಅವನನ್ನು ಸುಲಭವಾಗಿ ಕ್ಷಮಿಸಲಾಗದು. ಕಣ್ಣು ತೆರೆದಾಗ ಬಡವರಿಗೆ ಕೊಡಲು ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಾರ್ಡೀಲಿಯಳನ್ನು ಉಳಿಸೆಂಬ ಮಾತು ಸೆರೆಮನೆಗೆ ಮುಟ್ಟುವಷ್ಟರಲ್ಲಿ ಅವಳನ್ನು ನೇಣಿಗೆ ಹಾಕಿಯಾಗಿತ್ತು. ಎರಡು ನಾಟಕಗಳಲ್ಲೂ ತಪ್ಪು ದೊರೆಯದು. ನಿಜ ಹೇಳಿದ ಹೆಣ್ಣುಮಗಳು ಸತ್ತಳು.

ಇದು ವಿಧಿಯೇ? ಕ್ರಿಯಾನನಿಗೆ ಹೀಮನ್ ಹೇಳಿದ, ಲಿಯರನಿಗೆ ಕೆಂಟ್ ಹೇಳಿದ. ಬೇಡವೆನ್ನುವವರು ಇದ್ದರು, ಅವರ ಮಾತಿಗೆ ದೊರೆಯ ಕೈ ಹಿಡಿಯುವ ಬಲವಿರಲಿಲ್ಲ. ಆ ಬಲವನ್ನು ಕೊಡಬೇಕಾದವರು ಪ್ರಜೆಗಳು. ಆಳುವವನಿಗೆ ಬುದ್ಧಿ ಬರಲೆಂದು ಬಿರುಗಾಳಿಗಾಗಿ ಕಾದು ಕುಳಿತರೆ, ಮೊದಲು ಹಾರಿಹೋಗುವುದು ನಮ್ಮ ಸೂರೇ.