ಜ್ವರ ಇಳಿದ ಮೇಲೆ ಉಳಿಯುವ ಕಷ್ಟ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ದಿನ ಹಾಲು, ಫ್ಯಾಟು, ಬೋನಸ್ಸಿನ ಮಾತು ಬೇಕಾದಷ್ಟು ಆಗಿದೆ. ನಾವು ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇವೆ. ನಾವೇನು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿದ ರೈತರು. ಆದರೂ ವಿಷಯ ನಮ್ಮ ಜಿಲ್ಲೆಯದೇ ಆದ್ದರಿಂದ ತಿಳಿದಷ್ಟು ಹೇಳುತ್ತೇವೆ. ಅದೇ ಮೆದುಳು ಜ್ವರ. ಡಾಕ್ಟರುಗಳು ಜಪಾನೀಸ್ ಎನ್‌ಸೆಫಲೈಟಿಸ್ ಅನ್ನುತ್ತಾರೆ.

ಹೆಸರು ಜಪಾನಿನದಾದರೂ ಕಾಯಿಲೆ ದೂರದ್ದಲ್ಲ. ನಮ್ಮ ದೇಶದಲ್ಲಿ ಇದು ಮೊದಲು ಗೊತ್ತಾದದ್ದು 1955ರಲ್ಲಿ, ತಮಿಳುನಾಡಿನ ವೇಲೂರು ಸೀಮೆಯಲ್ಲಿ. 1977ರಿಂದ 79ರವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಕಾಣಿಸಿಕೊಂಡಿತು. ಆಗ ಇಲ್ಲಿ ಹಿಡಿದ ಸೊಳ್ಳೆಗಳಲ್ಲೂ, ತೀರಿಹೋದ ರೋಗಿಗಳಲ್ಲೂ ವಿಜ್ಞಾನಿಗಳು ಈ ವೈರಸ್ಸನ್ನು ಪತ್ತೆ ಮಾಡಿದರು.

ಇದು ಹರಡುವ ರೀತಿ ಹೀಗೆ. ಕೆರೆ ಬಯಲಿನ ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಈ ವೈರಸ್ಸು ಇರುತ್ತದೆ. ಹಂದಿಯ ಮೈಯಲ್ಲಿ ಬೇಗ ಹೆಚ್ಚುತ್ತದೆ. ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಸೊಳ್ಳೆ ಅದನ್ನು ಹೊತ್ತು ತಂದು ಮನುಷ್ಯನಿಗೆ ಕಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಹಸುವಿನಿಂದಲೂ ಹಬ್ಬುವುದಿಲ್ಲ, ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಹಸುವಿನ ವಾಸನೆಗೆ ಸೊಳ್ಳೆ ಮುತ್ತುತ್ತದೆ. ಕೊಟ್ಟಿಗೆ ಪಕ್ಕದಲ್ಲೇ ನಮ್ಮ ಮಕ್ಕಳು ಮಲಗುತ್ತಾರೆ.

ಸೊಳ್ಳೆ ಕಚ್ಚಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಸುಮಾರು 250 ಜನಕ್ಕೆ ವೈರಸ್ಸು ತಗುಲಿದರೆ ಒಬ್ಬರಿಗೆ ಜೋರಾಗುತ್ತದೆ. ಹಾಗೆ ಮೆದುಳಿಗೆ ಏರಿದವರಲ್ಲಿ 100ಕ್ಕೆ 30ರವರೆಗೂ ಸಾವು. ಇದನ್ನು ಎಲ್ಲರೂ ಹೇಳುತ್ತಾರೆ. ನಾವು ಹೇಳಬೇಕೆಂದಿರುವುದು ಬದುಕಿದವರ ಮಾತು.

ಜ್ವರ ಇಳಿದು ಮಗು ಕಣ್ಣು ಬಿಟ್ಟರೆ ಸಾಕಪ್ಪಾ, ಗಂಡಾಂತರ ಕಳೀತು ಅಂತ ಹರಕೆ ತೀರಿಸುತ್ತೇವೆ. ಆದರೆ ಎಷ್ಟೋ ಮಕ್ಕಳಿಗೆ ಕಷ್ಟ ಶುರುವಾಗುವುದೇ ಅಲ್ಲಿಂದ. ಒಬ್ಬನಿಗೆ ಕೈಕಾಲು ಸ್ವಾಧೀನವಿಲ್ಲ, ಇನ್ನೊಬ್ಬನಿಗೆ ಮಾತು ನಿಂತಿದೆ. ಕೆಲವರಿಗೆ ಮೂರ್ಛೆ ಬರುತ್ತಾ ಇರುತ್ತೆ. ಕೆಲವರು ನೋಡೋಕೆ ಚೆನ್ನಾಗೇ ಇರುತ್ತಾರೆ, ಆದರೆ ಓದಿದ್ದು ನೆನಪಿರಲ್ಲ, ಸುಮ್ಮಸುಮ್ಮನೆ ಸಿಟ್ಟು. ಅಂಥವರನ್ನು ದಡ್ಡ, ಮೊಂಡ ಅಂತ ಬೈಯುತ್ತೇವೆ. ಗಾಳಿ ಸೋಕಿದೆ ಅನ್ನುವವರೂ ಉಂಟು. ಬಂಧುಗಳೇ, ಅದು ಗಾಳಿಯೂ ಅಲ್ಲ, ಶಾಪವೂ ಅಲ್ಲ. ಜ್ವರ ಮೆದುಳಿಗೆ ಮಾಡಿದ ಗಾಯ. ಹೊರಗಿನ ಗಾಯಕ್ಕೆ ಕಲೆ ಉಳಿದ ಹಾಗೆ ಒಳಗೂ ಉಳಿಯುತ್ತದೆ. ಅಂಥ ಮಗುವಿರುವ ಮನೆಯಲ್ಲಿ ತಾಯಿ ಹೊಲಕ್ಕೂ ಹೋಗುವ ಹಾಗಿಲ್ಲ, ಹಾಲು ಹಾಕೋಕೂ ಬರುವ ಹಾಗಿಲ್ಲ. ಒಂದು ವಾರದ ಜ್ವರ ಒಂದು ಸಂಸಾರದ ದುಡಿಮೆಯನ್ನೇ ಕಟ್ಟಿಹಾಕುತ್ತದೆ.

ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ. ಕೈಕಾಲಿನ ವ್ಯಾಯಾಮ ಬೇಗ ಶುರು ಮಾಡಿ ಬಿಡದೆ ಮಾಡಿಸಿದರೆ ಎಷ್ಟೋ ಅನುಕೂಲ. ಮೂರ್ಛೆ ನಿಂತಿತು ಅಂತ ನಮ್ಮಷ್ಟಕ್ಕೇ ಮಾತ್ರೆ ಬಿಡಿಸಬಾರದು, ಡಾಕ್ಟರನ್ನು ಕೇಳಬೇಕು. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ, ಒಂದು ಮಗ್ಗುಲಿಗೆ ಮಲಗಿಸಿ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗೆ ಮಾನ್ಯತೆ ಇದೆ. ಕೈಕಾಲಿನದಷ್ಟೇ ಅಲ್ಲ, ಬುದ್ಧಿಯದು, ಮಾತಿನದು, ನರದ್ದೂ ಸೇರಿದೆ. ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಸರ್ಟಿಫಿಕೇಟು, ಯು.ಡಿ.ಐ.ಡಿ. ಕಾರ್ಡು ಮಾಡಿಸುವ ದಾರಿ ಹೇಳುತ್ತಾರೆ. ಇದು ಭಿಕ್ಷೆಯಲ್ಲ, ಹಕ್ಕು.

ಇನ್ನು ಬರದಂತೆ ತಡೆಯುವ ಮಾತು. ಈ ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಇಲ್ಲ, ಆದರೆ ಲಸಿಕೆ ಇದೆ. 2005ರಲ್ಲಿ ಉತ್ತರ ಪ್ರದೇಶದ ಗೋರಖಪುರದ ಕಡೆ ಸಾವಿರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳೇ ಹೆಚ್ಚು, ತೀರಿಕೊಂಡ ಮೇಲೆ 2006ರಿಂದ ಸರ್ಕಾರ ಲಸಿಕೆ ಶುರು ಮಾಡಿತು. ಈಗ ನಮ್ಮ ಜಿಲ್ಲೆಯಲ್ಲೂ ಪುಕ್ಕಟೆ ಹಾಕುತ್ತಾರೆ. ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದು ತಪ್ಪಬಾರದು. ಮೊದಲನೆಯದಕ್ಕೆ ಓಡಿಹೋಗುತ್ತೇವೆ, ಎರಡನೆಯದಕ್ಕೆ ಕಳೆ ತೆಗೆಯುವುದಿದೆ, ಮದುವೆಗೆ ಹೋಗುವುದಿದೆ ಅನ್ನುತ್ತೇವೆ.

2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಬತ್ತಿದ್ದ ಎಷ್ಟೋ ಕೆರೆಗಳು ಮತ್ತೆ ತುಂಬಿವೆ. ಸಂತೋಷವೇ. ಆದರೆ ನೀರು ಇದ್ದ ಕಡೆ ಸೊಳ್ಳೆಯೂ ಇರುತ್ತೆ. ಹಂದಿ ಗೂಡು ಮನೆಗಳಿಂದ ದೂರ ಇರಲಿ. ಸಂಜೆ ಆಗುತ್ತಲೂ ಮಕ್ಕಳಿಗೆ ಮೈತುಂಬ ಬಟ್ಟೆ, ರಾತ್ರಿ ಸೊಳ್ಳೆಪರದೆ. ಜೋರು ಜ್ವರದ ಜೊತೆ ವಾಂತಿ, ಕತ್ತು ಬಿಗಿತ, ತೊದಲು, ಮೂರ್ಛೆ ಕಂಡರೆ ತಾಯತಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯದಾಗಿ ಸಂಘಕ್ಕೆ ಎರಡು ಸಲಹೆ. ಡೈರಿಯ ಬೋರ್ಡಿನಲ್ಲಿ ಫ್ಯಾಟಿನ ಪಟ್ಟಿ ಪಕ್ಕದಲ್ಲಿ ಆ ತಿಂಗಳು ಲಸಿಕೆ ಹಾಕುವ ದಿನವನ್ನೂ ಬರೆಯೋಣ. ಹಸುವಿಗೆ ಕಾಲುಬಾಯಿ ಲಸಿಕೆ ತಪ್ಪಿಸದ ನಾವು ಮಗುವಿಗೆ ತಪ್ಪಿಸುವುದು ನ್ಯಾಯವಲ್ಲ. ಎರಡನೆಯದು, ಯಾವ ಸದಸ್ಯರ ಮನೆಯಲ್ಲಿ ಜ್ವರದಿಂದ ಹೀಗಾದವರಿದ್ದಾರೋ ಅವರ ಕಾರ್ಡಿನ ಓಡಾಟಕ್ಕೆ ನಿರ್ದೇಶಕರಲ್ಲಿ ಒಬ್ಬರು ಜೊತೆಗೆ ಹೋಗೋಣ. ಸಹಕಾರ ಅಂದರೆ ಹಾಲು ಅಳೆಯುವುದಷ್ಟೇ ಅಲ್ಲವಲ್ಲ.