ಗೂರಲು ಬರುವ ಮಗು, ಹೊಗೆ ತುಂಬಿದ ಮನೆ



ಇವತ್ತು ಗೂರಲಿನ ಮಾತು. ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಕೆಲವರು ಗೂರಲು ಅಂತೀರಿ. ಕೆಲವರು ಉಬ್ಬಸ ಅಂತೀರಿ. ದಮ್ಮು ಅನ್ನೋರೂ ಇದ್ದೀರಿ. ಡಾಕ್ಟರು ಚೀಟಿಯಲ್ಲಿ ಅಸ್ತಮಾ ಅಂತ ಬರೀತಾರೆ. ಹೆಸರು ನಾಲ್ಕು, ಕಾಯಿಲೆ ಒಂದು.

ನೆಗಡಿ ಎಲ್ಲ ಮಕ್ಕಳಿಗೂ ಬರುತ್ತೆ. ಆದರೆ ಈ ಮಗುವಿಗೆ ನೆಗಡಿ ಎದೆಗೆ ಇಳಿಯುತ್ತೆ. ನಡುರಾತ್ರಿ ಕೆಮ್ಮು ಶುರುವಾಗುತ್ತೆ. ಎದೆಯಲ್ಲಿ ಸುಯ್ ಸುಯ್ ಅಂತ ಶಬ್ದ. ಮಲಗೋಕೆ ಆಗದೆ ಮಗು ಎದ್ದು ಕೂರುತ್ತೆ. ತಾಯಿ ಬೆನ್ನು ಸವರುತ್ತಾ ಕೂತಿರ್ತಾಳೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಅದೇ ಮಗು ಆಟಕ್ಕೆ ಓಡುತ್ತೆ. ಮನೆಯವರು "ಸರಿ ಹೋಯ್ತು" ಅಂತಾರೆ. ಹದಿನೈದು ದಿನ ಕಳೆದರೆ ಮತ್ತೆ ಅದೇ.

ಆ ರಾತ್ರಿ ಮನೆಯಲ್ಲಿ ಇನ್ನೊಂದು ಮಾತೂ ಹುಟ್ಟುತ್ತೆ. "ಇದು ನಿನ್ನ ತವರಿನ ಕಾಯಿಲೆ. ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ." ಈ ಮಾತು ಕೇಳಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ! ಕೈ ಎತ್ತೋದು ಬೇಡ, ನನಗೆ ಗೊತ್ತು. ನಿಜ ಏನು ಅಂದರೆ, ಗೂರಲು ಬರುವ ಗುಣ ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು. ಇಬ್ಬರಿಗೂ ಇಲ್ಲದೆ ಮಗುವಿಗೆ ಬಂದದ್ದೂ ಉಂಟು. ಹುಟ್ಟಿನಿಂದ ಬಂದ ಗುಣವನ್ನು ಯಾರೂ ಬದಲಾಯಿಸೋಕೆ ಆಗಲ್ಲ. ಆ ಗುಣವನ್ನು ಕೆರಳಿಸುವ ವಸ್ತುಗಳು ಮನೆಯಲ್ಲಿ ಇರುತ್ತವೆ. ಅವುಗಳನ್ನು ಕಡಿಮೆ ಮಾಡಬಹುದು. ಜಗಳ ಆಡುವ ಹೊತ್ತನ್ನು ಅದಕ್ಕೆ ಕೊಟ್ಟರೆ ಆಯ್ತು.

ಎದೆಯೊಳಗೆ ಏನಾಗುತ್ತೆ? ಊದುಕೊಳವೆ ನಿಮಗೆಲ್ಲ ಗೊತ್ತು. ಅದರ ಒಳಗೆ ಒಂದು ಚೂರು ಒದ್ದೆ ಬಟ್ಟೆ ತುರುಕಿ ಊದಿ ನೋಡಿ. ಎಷ್ಟು ಊದಿದರೂ ಗಾಳಿ ಹೋಗಲ್ಲ. ನಮ್ಮ ಎದೆಯಲ್ಲೂ ಇಂಥ ಸಣ್ಣ ಸಣ್ಣ ಕೊಳವೆಗಳಿವೆ. ಗೂರಲು ಬಂದಾಗ ಅವುಗಳ ಒಳಗೋಡೆ ಊದಿಕೊಳ್ಳುತ್ತೆ. ಸುತ್ತಲ ಮಾಂಸ ಬಿಗಿಯುತ್ತೆ. ಕಫ ತುಂಬುತ್ತೆ. ಎಳೆದುಕೊಂಡ ಉಸಿರು ಹೊರಗೆ ಬರೋಕೆ ಒದ್ದಾಡುತ್ತೆ. ಸುಯ್ ಅನ್ನೋದು ಆ ಶಬ್ದವೇ.

ಕೆರಳಿಸುವ ವಸ್ತುಗಳಲ್ಲಿ ಮೊದಲನೆಯದು ಹೊಗೆ. ಇಲ್ಲಿ ಒಂದು ಲೆಕ್ಕ ಮಾಡೋಣ. ಗುಣಾಕಾರ ಕಲಿತಿದ್ದೀರಲ್ಲ? ನೀವು ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರ್ತೀರಿ? ಎಷ್ಟು ವರ್ಷದಿಂದ ಕೂತಿದ್ದೀರಿ? ಎರಡನ್ನೂ ಗುಣಿಸಿ. ದಿನಕ್ಕೆ 4 ಗಂಟೆ, 15 ವರ್ಷ. ಅಂದರೆ 60. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಹೀಗೇ ಲೆಕ್ಕ ಹಾಕಿ ನೋಡಿದರು. 2013ರಲ್ಲಿ ಅದು ಅಚ್ಚಾಯಿತು. ಲೆಕ್ಕ 60 ಮುಟ್ಟಿದವರಿಗೆ, ವರ್ಷಗಟ್ಟಲೆ ಬಿಡದ ಕೆಮ್ಮು ಕಫದ ಕಾಯಿಲೆಯ ಅಪಾಯ ಹೆಚ್ಚು ಅಂತ ಕಂಡಿತು. ಅದು ದೊಡ್ಡವರ ಲೆಕ್ಕ. ಮಕ್ಕಳ ಗೂರಲಿನ ಲೆಕ್ಕ ಅಲ್ಲ. ಆದರೆ ನೀವು ಒಲೆ ಮುಂದೆ ಕೂತಾಗ ಮಗು ಎಲ್ಲಿರುತ್ತೆ? ತೊಡೆ ಮೇಲೆ, ಇಲ್ಲವೇ ಸೆರಗು ಹಿಡಿದು ಪಕ್ಕದಲ್ಲಿ. ಮಗು ನಮಗಿಂತ ಬೇಗ ಬೇಗ ಉಸಿರಾಡುತ್ತೆ. ಅದರ ಕೊಳವೆಯೂ ಸಣ್ಣದು.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ತುಂಬ ಮನೆಗೆ ಗ್ಯಾಸ್ ಬಂತು. ಆದರೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಉರಿಸೋದು ನಿಂತಿಲ್ಲ. ಸಿಲಿಂಡರ್ ಮುಗಿದರೆ ತುಂಬಿಸೋಕೆ ದುಡ್ಡು ಬೇಕಲ್ಲ! ಅದಕ್ಕೆ ನಾನು ನಿಮ್ಮನ್ನು ಬೈಯಲ್ಲ. ಹಂಡೆ ಒಲೆಯನ್ನಾದರೂ ಮನೆಯಿಂದ ಹೊರಗೆ ಹಾಕಿ. ಒಳಗೇ ಉರಿಸಬೇಕಾದರೆ ಹೊಗೆ ಕೊಳವೆ ಇರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಮ್ಮ ಅಮ್ಮಂದಿರಿಗೆ ಗೊತ್ತಿತ್ತು. ಕೊಳವೆಯಲ್ಲಿ ಕಟ್ಟಿದ ಮಸಿ ತೆಗೀತಾ ಇರಬೇಕು. ಇಲ್ಲದಿದ್ದರೆ ಹೊಗೆ ಮತ್ತೆ ಒಳಗೇ. ಹಸಿ ಸೌದೆ ಬೇಡ. ಒಲೆ ಹೊತ್ತಿಸುವಾಗ ಮಗುವನ್ನು ಜಗುಲಿಗೆ ಕಳಿಸಿ.

ಎರಡನೆಯದು ಬೀಡಿ. "ನಾನು ಬಾಗಿಲ ಹತ್ತಿರ ಕೂತು ಸೇದ್ತೀನಿ" ಅಂತಾರೆ ಯಜಮಾನರು. ಬಾಗಿಲ ಹತ್ತಿರದ ಹೊಗೆ ಗಾಳಿ ಜೊತೆ ಒಳಗೆ ಬರುತ್ತೆ. ಬಟ್ಟೆಗೆ, ಕಂಬಳಿಗೆ ಅಂಟಿಕೊಂಡೂ ಬರುತ್ತೆ. ಇದನ್ನು ಹೆಂಡತಿ ಹೇಳಿದರೆ ಕೋಪ ಬರುತ್ತೆ. ಅದಕ್ಕೆ ಒಂದು ದಾರಿ ಇದೆ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಕೇಳಲಿ. ಮಗುವಿನ ಕಾಯಿಲೆ ತಾಯಿಯೊಬ್ಬಳ ಕೆಲಸ ಅಂತ ಯಾರು ಬರೆದಿಟ್ಟಿದ್ದಾರೆ?

ಇನ್ನು ಸಾಂಬ್ರಾಣಿ. ಎಣ್ಣೆ ನೀರು ಹಾಕಿದ ಮೇಲೆ ಕೂಸನ್ನು ಹೊಗೆ ಮೇಲೆ ಹಿಡಿಯೋದು ನಮ್ಮಲ್ಲಿ ಪದ್ಧತಿ. ಅಜ್ಜಿಯರು ಪ್ರೀತಿಯಿಂದಲೇ ಮಾಡ್ತಾರೆ. ಆದರೆ ಎಳೆ ಎದೆಗೆ ಅದೂ ಹೊಗೆಯೇ. ಕೂಸಿನ ತಲೆಯನ್ನು ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೊಳ್ಳೆ ಬತ್ತಿಯೂ ಹಾಗೇ. ಬತ್ತಿ ಬಿಡಿ, ಪರದೆ ಕಟ್ಟಿ.

ತಿ. ನರಸೀಪುರದ ಕಡೆಯವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ನಿಮ್ಮ ಕಡೆ ರೇಷ್ಮೆ ಇದೆ. ಪಟ್ಟಣದಲ್ಲಿ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯೇ ಇದೆ. ಹುಳು ಸಾಕಿ ಮಕ್ಕಳನ್ನು ಓದಿಸಿದ ತಾಯಂದಿರು ಇದ್ದೀರಿ. ಆದರೆ ರೇಷ್ಮೆ ಚಿಟ್ಟೆಯ ರೆಕ್ಕೆ ಪುಡಿ, ಗೂಡಿನ ಧೂಳು, ಹುಳುವಿನ ಹಿಕ್ಕೆ, ಇವು ಕೆಲವರಿಗೆ ಗೂರಲು ತರುತ್ತವೆ. ನೂಲು ತೆಗೆಯುವ ಕೆಲಸಗಾರರಲ್ಲಿ ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1985ರಲ್ಲೇ ಬರೆದಿದ್ದಾರೆ. ಹುಳುವಿಗೆ ಬೇರೆ ಮನೆ ಕಟ್ಟೋಕೆ ಎಲ್ಲರಿಗೂ ಆಗಲ್ಲ. ತಟ್ಟೆ, ಚಂದ್ರಿಕೆ ಇಟ್ಟ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ. ಚಂದ್ರಿಕೆ ಕೊಡವುವಾಗ, ಬ್ಲೀಚಿಂಗ್ ಪುಡಿ ಹಾಕುವಾಗ ಮಗು ಹತ್ತಿರ ಇರಬಾರದು.

ಹಾಸಿಗೆ ಮಾತು ಸಣ್ಣದು. ಹಳೆ ಕೌದಿ, ಹತ್ತಿ ದಿಂಬಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಹುಳುಗಳಿರುತ್ತವೆ. ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಗು ಹೊರಗಿರುವಾಗ ಗುಡಿಸಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ.

"ಹಸು ಮಾರಿಬಿಡಲೇ?" ಅಂತ ಒಬ್ಬ ತಾಯಿ ಕೇಳಿದರು. ಅವಸರ ಬೇಡ. ಯುರೋಪಿನ ಬೆಟ್ಟದ ಹಳ್ಳಿಗಳಲ್ಲಿ ನೋಡಿದರೆ, ಕೊಟ್ಟಿಗೆಯ ಜೊತೆ ಬೆಳೆದ ಮಕ್ಕಳಿಗೆ ಗೂರಲು ಕಡಿಮೆ ಅಂತ ಕಂಡಿದೆ. ಈಗಾಗಲೇ ಗೂರಲು ಇರುವ ಮಗುವಿನ ಕೈಲಿ ಹುಲ್ಲು ಕೊಡವಿಸಬೇಡಿ, ಅಷ್ಟೇ. ಬಾಳೆಹಣ್ಣೂ ಹಾಗೇ. ನಂಜನಗೂಡಿನಲ್ಲಿ ಹುಟ್ಟಿ ರಸಬಾಳೆ ತಿನ್ನಬೇಡ ಅಂದರೆ ಮಗು ಏನು ಮಾಡಬೇಕು! ಬಾಳೆಹಣ್ಣಿನಿಂದ ಗೂರಲು ಬರಲ್ಲ. ಒಂದು ಪದಾರ್ಥ ತಿಂದಾಗಲೆಲ್ಲ ಉಸಿರು ಕಟ್ಟಿದರೆ, ಅದನ್ನು ಮಾತ್ರ ಬಿಡಿಸಿ ಡಾಕ್ಟರಿಗೆ ಹೇಳಿ.

ಈಗ ಪಫ್ಫಿನ ಮಾತು. ಇನ್‌ಹೇಲರ್ ಅಂತಾರಲ್ಲ, ಅದು. ಇದರ ಬಗ್ಗೆ ಇರುವಷ್ಟು ಹೆದರಿಕೆ ಕಾಯಿಲೆ ಬಗ್ಗೆಯೇ ಇಲ್ಲ. "ಚಟ ಹಿಡಿಯುತ್ತೆ." "ಕೊನೆ ಔಷಧಿ ಅದು." ಹೆಣ್ಣು ಮಗುವಾದರೆ, "ಪಫ್ ಎಳೆಯೋದು ಕಂಡರೆ ನಾಳೆ ಗಂಡು ಸಿಗಲ್ಲ" ಅಂತ ಸೀರೆಗಳ ನಡುವೆ ಬಚ್ಚಿಡ್ತಾರೆ. ಬಚ್ಚಿಟ್ಟ ಔಷಧಿ ರಾತ್ರಿ ಕೈಗೆ ಸಿಗಲ್ಲ. ಉಸಿರು ಕಟ್ಟಿದ ಹುಡುಗಿಗೆ ಮದುವೆ ಮಾತು ಯಾಕೆ?

ಲೆಕ್ಕವನ್ನೇ ನೋಡಿ. ಸಾಲ್ಬುಟಮಾಲ್ ಅನ್ನೋ ಔಷಧಿಯ ಒಂದು ಮಾತ್ರೆಯಲ್ಲಿ 2 ಮಿಲಿಗ್ರಾಂ ಇರುತ್ತೆ. ಅದೇ ಔಷಧಿ ಪಫ್ಫಿನಲ್ಲಿ ಒಂದು ಸಲಕ್ಕೆ ಬರೋದು ಮಾತ್ರೆಯ 20ನೇ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತುತ್ತೆ. ಎದೆ ಡವಗುಟ್ಟುತ್ತೆ, ಕೈ ನಡುಗುತ್ತೆ. ಪಫ್ ನೇರ ಎದೆಗೆ ಹೋಗುತ್ತೆ. ಇದು ತಕ್ಷಣ ಉಸಿರು ಬಿಡಿಸುವ ಪಫ್. ಸಾಮಾನ್ಯವಾಗಿ ನೀಲಿ ಬಣ್ಣದ್ದು. ಇನ್ನೊಂದು, ಊತ ಇಳಿಸುವ ಪಫ್. ಅದನ್ನು ಡಾಕ್ಟರು ಬರೆದಿದ್ದರೆ ಮಗು ಚೆನ್ನಾಗಿದ್ದಾಗಲೂ ದಿನಾ ಕೊಡಬೇಕು. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಬೇಕು. "ಈಗ ಚೆನ್ನಾಗಿದ್ದಾನೆ" ಅಂತ ನೀವಾಗಿ ನಿಲ್ಲಿಸಬೇಡಿ. ಮೃಗಶಿರೆ ಮಳೆ ಹೊತ್ತಿಗೆ ಮೀನಿನ ಔಷಧಿಗೆ ಹೈದರಾಬಾದಿಗೆ ಹೋಗೋರಿದ್ದಾರೆ. ಅದರಿಂದ ಗೂರಲು ಹೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಹೋಗಿ ಬಂದು ಪಫ್ ಬಿಟ್ಟರೆ ಮಗುವಿಗೇ ಕಷ್ಟ.

ಮಗುವಿಗೆ ಪಫ್ ನೇರ ಎಳೆಯೋಕೆ ಬರಲ್ಲ. ನಡುವೆ ಒಂದು ಡಬ್ಬಿ ಬೇಕು. ಅದಕ್ಕೆ ಸ್ಪೇಸರ್ ಅಂತಾರೆ. ಕೊಳ್ಳೋಕೆ ಆಗದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ತಳದಲ್ಲಿ ಪಫ್ಫಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ. ಸಂದಿಗೆ ಟೇಪು ಸುತ್ತಿ. ಬಾಟಲಿಯ ಬಾಯಿ ಮಗುವಿನ ಬಾಯಿಗೆ. ಪಫ್ ಅಲುಗಾಡಿಸಿ ಒಂದು ಸಲ ಒತ್ತಿ. ಮಗು ಐದಾರು ಸಲ ನಿಧಾನ ಉಸಿರಾಡಲಿ. ಆಮೇಲೆ ಇನ್ನೊಂದು. ದಕ್ಷಿಣ ಆಫ್ರಿಕಾದ ವೈದ್ಯರು ಇದನ್ನು ಮಕ್ಕಳ ಮೇಲೆ ನೋಡಿ, ಅಂಗಡಿಯದರಷ್ಟೇ ಕೆಲಸ ಮಾಡುತ್ತೆ ಅಂತ 1999ರಲ್ಲಿ ಹೇಳಿದರು. ಐದು ವರ್ಷ ತುಂಬದ ಮಗುವಿಗೆ ಮುಖಕ್ಕೆ ಕೂರುವ ಮಾಸ್ಕ್ ಬೇಕು. ಮೊದಲ ಸಲ ನರ್ಸಮ್ಮನ ಮುಂದೆ ಮಾಡಿ ತೋರಿಸಿ.

ಯಾವಾಗ ಓಡಬೇಕು? ಉಸಿರೆಳೆದಾಗ ಪಕ್ಕೆಲುಬಿನ ಸಂದಿ ಒಳಗೆ ಹೋದರೆ. ಮಗು ಮಾತಾಡಲಾರದೆ ಹೋದರೆ, ಹಾಲು ಕುಡಿಯಲಾರದೆ ಹೋದರೆ. ತುಟಿ ನೀಲಿಯಾದರೆ, ಮಂಕು ಕವಿದರೆ. ಸುಯ್ ಶಬ್ದ ನಿಂತಿತು ಅಂತ ಸಮಾಧಾನ ಪಡಬೇಡಿ. ಗಾಳಿಯೇ ಆಡದಿದ್ದರೂ ಶಬ್ದ ನಿಲ್ಲುತ್ತೆ. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೂ ಮಗುವನ್ನು ಕೂರಿಸಿಕೊಂಡಿರಿ. ಉಸಿರು ಬಿಡಿಸುವ ಪಫ್ ಕೊಡ್ತಾ ಇರಿ.

ಎಷ್ಟು ಸಲ ಕೊಡಬೇಕು ಅನ್ನೋದನ್ನು ಡಾಕ್ಟರ ಹತ್ತಿರ ಮೊದಲೇ ಕಾಗದದ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಅಲ್ಲೇ ಅವರ ಮುಂದೆಯೇ ಓದಿ. ಅರ್ಥ ಆಗದಿದ್ದರೆ ಮತ್ತೆ ಬರೆಸಿ, ಸಂಕೋಚ ಬೇಡ. ಒಂದನ್ನು ಅಡುಗೆ ಮನೆ ಗೋಡೆಗೆ ಅಂಟಿಸಿ. ಇನ್ನೊಂದನ್ನು ಪಫ್ಫಿನ ಜೊತೆ ಶಾಲೆಯ ಮೇಷ್ಟ್ರಿಗೆ ಕೊಡಿ. ಆಟ ಆಡಿಸಬೇಡಿ ಅಂತ ಮಾತ್ರ ಹೇಳಬೇಡಿ. ಪಫ್ಫಿನ ಮೇಲೆ ಎರಡು ಲೆಕ್ಕ ಇರುತ್ತೆ. ಯಾವ ತಿಂಗಳವರೆಗೆ ಬಳಸಬಹುದು ಅನ್ನೋದು ಒಂದು. ಒಳಗೆ ಎಷ್ಟು ಸಲದ ಔಷಧಿ ಇದೆ ಅನ್ನೋದು ಇನ್ನೊಂದು. ಹೊಸದು ತಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.